ಅವ್ವನ ಹರಕೆ, ಅಣ್ಣನ ಕಾಲು

ಕಳೆದ ತಿಂಗಳು ಅಣ್ಣನ ಮೊಮ್ಮಗುವಿಗೆ ಮುಡಿ ಕೊಡಿಸಲು ಮನೆಮಂದಿಯೆಲ್ಲ ನಂಜನಗೂಡಿಗೆ ಹೋಗಿದ್ದೆವು. ತಲೆ ಬೋಳಿಸುವಾಗ ಮಗು ಊರೇ ಎದ್ದು ಬರುವ ಹಾಗೆ ಕಿರುಚಿತು, ಬಾಳೆಹಣ್ಣು ಕಂಡದ್ದೇ ಸುಮ್ಮನಾಯಿತು. ನಗುತ್ತಲೇ ದೇವಸ್ಥಾನದೊಳಗೆ ಕಾಲಿಟ್ಟೆ. ಪ್ರಾಕಾರದ ಕಲ್ಲು ಒದ್ದೆಯಾಗಿತ್ತು. ಒದ್ದೆ ಕಲ್ಲು, ಕರ್ಪೂರ, ಹೊಳೆನೀರಲ್ಲಿ ನೆನೆದ ಬಟ್ಟೆ, ಈ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ಮೂಲೆಯಲ್ಲಿ ಒಬ್ಬ ಹುಡುಗ ಒದ್ದೆ ಪಂಚೆಯಲ್ಲಿ ಉರುಳು ಸೇವೆ ಮಾಡುತ್ತಿದ್ದ. ಅವನ ತಾಯಿ ಪಕ್ಕದಲ್ಲೇ ಕೈಮುಗಿದುಕೊಂಡು ನಡೆಯುತ್ತಿದ್ದಳು. ನಾನು ಅಲ್ಲೇ ನಿಂತೆ. "ಅತ್ತೆ, ಮಂಗಳಾರತಿ ಆಗೋಯ್ತದೆ, ಬನ್ನಿ" ಎಂದು ಅಣ್ಣನ ಮಗಳು ಕರೆದಳು. ನೀನು ಹೋಗವ್ವ ಅಂದು ಹೊರಗೆ ಬಂದುಬಿಟ್ಟೆ.

ಹೊರಗೆ ಕಟ್ಟೆಯ ಮೇಲೆ ಅಣ್ಣ ಕೂತಿದ್ದ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ನನ್ನ ಮುಖ ನೋಡಿದ.

"ಯಾರೋ ಉರುಳ್ತಾವ್ರಾ?"

ಹೂಂ ಅಂದೆ. ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಇಬ್ಬರೂ ಕಪಿಲಾ ಹೊಳೆಯ ಕಡೆ ನೋಡುತ್ತ ಕೂತೆವು.

ತೊಂಬತ್ತೆಂಟರ ಮಾತು. ನಾನಾಗ ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಮದುವೆಯಾಗಿ, ಗಂಡನ ಮನೆ ಹಿಡಿಸದೆ ತವರಿಗೆ ಬಂದವಳು. ಆ ಕಥೆ ಬೇರೆ, ಹೇಳುತ್ತ ಕೂತರೆ ಇದು ಮುಗಿಯುವುದಿಲ್ಲ. ಮನೆ ಸೋಸಲೆಯಲ್ಲಿ. ಅವ್ವ, ಅಣ್ಣ ಮಾದೇವ, ಅತ್ತಿಗೆ ಜಯಮ್ಮ, ಅವರ ಪುಟ್ಟ ಮಗಳು, ನಾನು. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋಗಿದ್ದರು. ನನ್ನ ನಾಲಿಗೆ ಕತ್ತರಿಗಿಂತ ಹರಿತ ಎಂದು ಅತ್ತಿಗೆ ಆಡಿಕೊಳ್ಳುತ್ತಿದ್ದಳು. ಅಣ್ಣ ನನಗೆ ಪೂರಾ ಉಲ್ಟಾ. ಯಾರಿಗೂ ಎದುರಾಡಿದವನಲ್ಲ, ಅದರಲ್ಲೂ ಅವ್ವನಿಗೆ ಎದುರಾಡಿದ್ದನ್ನು ನಾನು ಕಂಡೇ ಇಲ್ಲ.

ಅವನು ಕೆಲಸ ಮಾಡುತ್ತಿದ್ದದ್ದು ನಂಜನಗೂಡಿನಲ್ಲಿ, ದನಗಳ ಬೂಸಾ ಹಿಂಡಿ ಮಾಡುವ ಒಂದು ಫ್ಯಾಕ್ಟರಿಯಲ್ಲಿ. ಮೂಟೆ ಹೊರುವ ಕೆಲಸ. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿಯ ಬಸ್ಸಿಗೆ ಬರುತ್ತಿದ್ದ. ಒಳಗೆ ಬಂದರೆ ಮೈಯೆಲ್ಲ ಬೂಸಾ ವಾಸನೆ. ಕೊಟ್ಟಿಗೆಯಲ್ಲಿದ್ದ ಎಮ್ಮೆ ಅವನ ಅಂಗಿ ಕಂಡರೆ ನಾಲಿಗೆ ಚಾಚುತ್ತಿತ್ತು. "ನಿನ್ ಹೆಂಡ್ತಿಗಿಂತ ಎಮ್ಮೆಗೇ ನಿನ್ ಮ್ಯಾಗೆ ಪ್ರೀತಿ ಕಣಣ್ಣ" ಎಂದು ನಾನು ರೇಗಿಸಿದರೆ ಅತ್ತಿಗೆ ಸೌಟು ಎತ್ತಿಕೊಂಡು ಬರುತ್ತಿದ್ದಳು. ಅವನನ್ನು ಕೆಲಸಕ್ಕೆ ಹಚ್ಚಿದ್ದು ಗುತ್ತಿಗೆ ಮೇಸ್ತ್ರಿ. ಫ್ಯಾಕ್ಟರಿಯ ಕಾಯಂ ನೌಕರರಿಗೆ ಇಎಸ್‌ಐ ಕಾರ್ಡು ಇತ್ತು, ಮೈಗೆ ಏನಾದರೂ ಆದರೆ ಆಸ್ಪತ್ರೆ, ಔಷಧಿ ಎಲ್ಲ ಅದರಲ್ಲೇ ನಡೆಯುತ್ತಿತ್ತು. ಗುತ್ತಿಗೆಯವರಿಗೆ ಅದೊಂದೂ ಇರಲಿಲ್ಲ. ಇಲ್ಲ ಅನ್ನುವುದು ಆಷಾಢದವರೆಗೆ ನಮಗೆ ಗೊತ್ತೂ ಇರಲಿಲ್ಲ.

ಆ ಆಷಾಢದಲ್ಲಿ ಮಳೆ ಜಡಿ ಹಿಡಿದಿತ್ತು. ಗೋದಾಮಿನ ತಗಡು ಸೋರಿ, ತಳದ ಮೂಟೆಗಳು ನೆನೆದು ಮೆತ್ತಗಾಗಿದ್ದವಂತೆ. ಮೇಲೆ ಆಳೆತ್ತರಕ್ಕೂ ಮಿಗಿಲಾಗಿ ಒಣ ಮೂಟೆಗಳು. ಲಾರಿ ಕಾಯುತ್ತಿದೆ, ಬೇಗ ಬೇಗ ಎಂದು ಮೇಸ್ತ್ರಿ ಕೂಗುತ್ತಿದ್ದ. ಅಣ್ಣ ಬಗ್ಗಿ ಒಂದನ್ನು ಎಳೆಯುತ್ತಿದ್ದಾಗ ಅಷ್ಟೂ ವಾಲಿಕೊಂಡು ಅವನ ಸೊಂಟದ ಮೇಲೆ ಬಂತು. ಜೊತೆಯವರು ಮೂಟೆ ಎಳೆದು ಎಳೆದು ಅವನನ್ನು ಹೊರಗೆ ತೆಗೆದರು. ನಂಜನಗೂಡಿನಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದರು. ನಾನೂ ಅವ್ವನೂ ಹೋಗುವಷ್ಟರಲ್ಲಿ ಅವನಿಗೆ ಎಚ್ಚರವಾಗಿತ್ತು. ನನ್ನನ್ನು ನೋಡಿ, "ರತ್ನ, ಎಡಗಾಲು ಅದೆಯಾ ನೋಡು, ನಂಗೆ ಗೊತ್ತಾಯ್ತಾ ಇಲ್ಲ" ಅಂದ. ಹೊದಿಕೆ ಸರಿಸಿ ನೋಡಿದೆ. ಇತ್ತು. ಇದೆ ಅಂತ ಕೈಯಲ್ಲಿ ಮುಟ್ಟಿ ತೋರಿಸಿದೆ. ಅವನಿಗೆ ಮುಟ್ಟಿದ್ದು ಗೊತ್ತಾಗಲಿಲ್ಲ.

ಅವ್ವ ಆಗಲೇ ಹರಕೆ ಹೊತ್ತಳು, ಆಸ್ಪತ್ರೆಯ ವರಾಂಡದಲ್ಲಿ, ಸೆರಗು ಒಡ್ಡಿ. "ನಂಜುಂಡಪ್ಪಾ, ನನ್ ಮಗ ಎದ್ದು ನಿಲ್ಲಂಗೆ ಮಾಡು. ನಿನ್ನ ಸುತ್ತ ಉರುಳಿಸ್ತೀನಿ." ಆ ಹೊತ್ತಿಗೆ ನಾನೂ ಕೈಮುಗಿದೆ. ಯಾರಾದರೂ ಮುಗಿಯುತ್ತಿದ್ದರು.

ಡಾಕ್ಟರು ಹೇಳಿದ್ದಿಷ್ಟು. ಸೊಂಟದಲ್ಲಿ ನರ ಒತ್ತಿಕೊಂಡಿದೆ. ಊತ ಇಳಿಯಲಿ, ನರಕ್ಕೆ ಚೇತನ ಬರಲು ಸಣ್ಣಗೆ ಕರೆಂಟು ಕೊಡೋಣ, ಬೆಲ್ಟು ಕಟ್ಟೋಣ. ಅಷ್ಟಕ್ಕೆ ಸರಿಹೋಗದಿದ್ದರೆ ಆಪರೇಷನ್. ಮಾಡಿಸಿದರೆ ಕಾಲಿಗೆ ಬಲ ಬರುವ ಸಾಧ್ಯತೆ ಚೆನ್ನಾಗಿದೆ, ತಡ ಮಾಡಿದರೆ ಕಾಲು ಬತ್ತಿಹೋಗುತ್ತದೆ. ಆಪರೇಷನ್ನಿನ ಖರ್ಚು ಕೇಳಿ ಅತ್ತಿಗೆ ಅಲ್ಲೇ ನೆಲಕ್ಕೆ ಕೂತಳು. ಮೇಸ್ತ್ರಿ ಅಷ್ಟರಲ್ಲಿ ಊರು ಬಿಟ್ಟಿದ್ದ. ಫ್ಯಾಕ್ಟರಿಯವರು, ಅವನು ನಮ್ಮ ನೌಕರನೇ ಅಲ್ಲ, ಮೇಸ್ತ್ರಿಯನ್ನು ಕೇಳಿ ಅಂದರು.

ಆಗ ನಮ್ಮ ಕೈ ಹಿಡಿದವನು ಸಿದ್ದರಾಜಣ್ಣ. ಆ ಫ್ಯಾಕ್ಟರಿಯ ಕಾಯಂ ನೌಕರ, ಯೂನಿಯನ್ನಿನ ಮುಂದಾಳು, ದೇವನೂರಿನ ಕಡೆಯವನು. ಗುತ್ತಿಗೆಯವನಿಗಾಗಿ ಗೇಟಿನ ಮುಂದೆ ಕೂರುವ ದರ್ದು ಅವನಿಗೇನಿತ್ತು? ಕೂತ. ತನ್ನವರನ್ನೆಲ್ಲ ಕೂರಿಸಿದ. ಮಳೆಯಲ್ಲಿ ಕೊಡೆ ಹಿಡಿದುಕೊಂಡು ಕೂತರು. ಕೊನೆಗೆ ಮೈಸೂರಿನಲ್ಲಿ ಲೇಬರ್ ಆಫೀಸರ ಎದುರು ಎರಡೂ ಕಡೆಯವರು ಸೇರಿ ಒಂದು ಒಪ್ಪಂದವಾಯಿತು: ಮಾದೇವನಿಗೆ ವಾಸಿಯಾಗುವ ತನಕ ಚಿಕಿತ್ಸೆಯ ಖರ್ಚು, ಆಪರೇಷನ್ ಬೇಕಾದರೆ ಅದೂ ಸೇರಿ, ಫ್ಯಾಕ್ಟರಿಯದು. ವಾಸಿಯಾಗುವ ತನಕ. ಆ ಮಾತು ಕೇಳಿ ನಮಗೆ ಹೊಟ್ಟೆ ತುಂಬಿತ್ತು. ಸಿದ್ದರಾಜಣ್ಣ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕಾಫಿ ಕುಡಿಸಿದ. "ಗೆದ್ದೋ ಕಣವ್ವ" ಅಂತ ಅವ್ವನ ಕೈ ಕುಲುಕಿದ. ಅವ್ವನಿಗೆ ಕೈ ಕುಲುಕಿಸಿಕೊಂಡು ಅಭ್ಯಾಸವೇ ಇರಲಿಲ್ಲ, ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣ ಎದ್ದು ನಿಂತ. ಹೇಗೆ ನಿಂತ ಅಂದರೆ, ಕಂಕುಳಲ್ಲಿ ಕೋಲು, ಇನ್ನೊಂದು ಕಡೆ ಅತ್ತಿಗೆಯ ಹೆಗಲು. ಎಡಗಾಲು ನೆಲದ ಮೇಲೆ ಎಳೆದುಕೊಂಡೇ ಬರುತ್ತಿತ್ತು. ಡಾಕ್ಟರು ನೋಡಿ, ಕರೆಂಟಿನಲ್ಲಿ ಇಷ್ಟೇ ಆಗುವುದು, ಇನ್ನು ಆಪರೇಷನ್ ಮಾಡಿಸಲೇಬೇಕು, ಕಾರ್ತೀಕ ಕಳೆದ ಮೇಲೆ ಬನ್ನಿ, ಅಲ್ಲಿಯವರೆಗೆ ಸೊಂಟ ತಿರುಚಬೇಡ, ಭಾರ ಎತ್ತಬೇಡ ಅಂದರು.

ಆದರೆ ಅವ್ವ ಬೇಡಿಕೊಂಡಿದ್ದು ಎದ್ದು ನಿಲ್ಲಲಿ ಅಂತ ತಾನೇ? ನಿಂತಿದ್ದ.

"ದೇವ್ರು ಅವ್ನ ಮಾತ ನಡೆಸ್ಕೊಟ್ಟ. ಇನ್ನಿರೋದು ನಮ್ ಬಾಕಿ. ಅರಕೆ ಬಾಕಿ ಮಡಿಕ್ಕೊಂಡು ಕತ್ತಿಗೆ ಮೈ ಕೊಟ್ರೆ ಒಳ್ಳೇದಾದದಾ?" ಅಂದಳು.

ನಾನು ಹಾರಾಡಿದೆ. "ಸೊಂಟ ತಿರುಚಬ್ಯಾಡ ಅಂತ ಡಾಕ್ಟ್ರು ಬಡ್ಕೊಂಡವ್ರೆ, ನೀನು ಉರುಳ್ಸಕ್ಕೆ ನಿಂತಿದ್ದೀಯಾ? ಅವ್ನ ಹೆಸ್ರಲ್ಲಿ ನಾನ್ ಉರುಳ್ತೀನಿ ಬುಡು. ಆಪರೇಷನ್ ಆದ್ಮೇಲೆ ಬೇಕಾದ್ರೆ ದಿನಾ ಉರುಳಲಿ."

"ನಾನು ಮಗನ್ನ ಉರುಳಿಸ್ತೀನಿ ಅಂದಿದ್ದು, ಮಗಳನ್ನಲ್ಲ. ನಿನ್ ಬಾಯಿ ಮುಚ್ಚು ಕೂಸೆ, ದೇವ್ರ ವಿಸ್ಯ."

ಅಣ್ಣ ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. "ಓಗ್ಲಿ ಬುಡು ರತ್ನ. ಮೂಟೆ ಬಿದ್ದ ಸೊಂಟಕ್ಕೆ ಕಲ್ಲು ಏನ್ ಮಾಡೀತು? ಅವ್ವಂಗೆ ಸಮಾಧಾನ ಆಗ್ಲಿ" ಅಂದ. ಅತ್ತಿಗೆ ಒಲೆಯ ಮುಂದೆ ಕೂತು ಅಳುತ್ತಿದ್ದಳೇ ಹೊರತು ಈ ಕಡೆಯೂ ಮಾತಾಡಲಿಲ್ಲ, ಆ ಕಡೆಯೂ ಮಾತಾಡಲಿಲ್ಲ.

ಕಾರ್ತೀಕದ ಒಂದು ಸೋಮವಾರ ಹೋದೆವು. ಕಪಿಲೆಯ ನೀರು ಚಳಿಗೆ ಕೊರೆಯುತ್ತಿತ್ತು. ಅಣ್ಣನನ್ನು ಮೆಟ್ಟಿಲ ಮೇಲೆ ಕೂರಿಸಿ ಚೊಂಬಿನಲ್ಲಿ ನೀರು ಹುಯ್ದೆವು. ಪ್ರಾಕಾರದಲ್ಲಿ ಮಲಗಿಸಿದೆವು. ಅವನಷ್ಟಕ್ಕೆ ಅವನು ಉರುಳಲು ಆಗುವುದಿಲ್ಲವಲ್ಲ, ನಾನು ಹೆಗಲು ಹಿಡಿದೆ, ಅತ್ತಿಗೆ ಕಾಲು ಹಿಡಿದಳು, ಇಬ್ಬರೂ ಸೇರಿ ಹೊರಳಿಸುತ್ತ ಹೋದೆವು. ಸೊಂಟ ತಿರುಚದ ಹಾಗೆ ಹೆಗಲೂ ಕಾಲೂ ಒಟ್ಟಿಗೆ ಹೊರಳಬೇಕು. ನಾವು ಎಷ್ಟು ಹುಷಾರಾಗಿದ್ದರೂ ಒಮ್ಮೊಮ್ಮೆ ಒಬ್ಬರು ಮುಂದಾಗುತ್ತಿದ್ದೆವು, ಒಬ್ಬರು ಹಿಂದಾಗುತ್ತಿದ್ದೆವು. ಆಗೆಲ್ಲ ಅವನು ಪಂಚೆಯ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ಒಂದು ಸಲ ಕೂಡ ಅಯ್ಯೋ ಅನ್ನಲಿಲ್ಲ. ಅವ್ವ ಮುಂದೆ ಮುಂದೆ ಕೈಮುಗಿದು ಹೋಗುತ್ತಿದ್ದಳು, ಹಿಂದಕ್ಕೆ ತಿರುಗಿ ನೋಡಲಿಲ್ಲ. ಜನ ದಾರಿ ಬಿಟ್ಟರು. ಯಾರೋ ಹೆಂಗಸು ಬಗ್ಗಿ ಅಣ್ಣನಿಗೆ ಕೈಮುಗಿದಳು.

ಸುತ್ತು ಮುಗಿಯಿತು. ಮಂಗಳಾರತಿಯ ಹೊತ್ತಿಗೆ ಅವನನ್ನು ಎಬ್ಬಿಸಿ ನಿಲ್ಲಿಸಿದೆವು. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಅವ್ವನ ಹೆಗಲ ಮೇಲೆ. ಗಂಟೆ ಮೊಳಗಿತು. ಅವ್ವ ಮಗನ ಮುಖವನ್ನೇ ನೋಡುತ್ತಿದ್ದಳು, ಎಂಥ ಆಸೆಯಿಂದ ಅಂತ ಹೇಗೆ ಹೇಳಲಿ! ಅವನು ಮೆಲ್ಲಗೆ ಅವಳ ಹೆಗಲಿನಿಂದ ಕೈ ತೆಗೆದ. ನನ್ನ ಹೆಗಲಿನಿಂದಲೂ ತೆಗೆದ. ಎರಡೂ ಕೈ ಜೋಡಿಸಿ ಒಬ್ಬನೇ ನಿಂತ. ಆರತಿ ಕಣ್ಣಿಗೆ ಒತ್ತಿಕೊಳ್ಳುವಷ್ಟು ಹೊತ್ತು. ಭಾರವೆಲ್ಲ ಬಲಗಾಲಿನ ಮೇಲೆ ಬಿಟ್ಟಿದ್ದ, ಅದು ಗಡಗಡ ನಡುಗುತ್ತಿದ್ದದ್ದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ಅವ್ವನಿಗೆ ಕಂಡದ್ದು ನಿಂತ ಮಗ.

"ನಿಂತ! ನನ್ ಮಗ ನಿಂತ! ನಂಜುಂಡಪ್ಪ ವಾಸಿ ಮಾಡ್ಬುಟ್ಟ!" ಎಂದು ಕೂಗಿದಳು. ದೇವಸ್ಥಾನವೆಲ್ಲ ತಿರುಗಿ ನೋಡಿತು.

ಹಾಗೆ ತಿರುಗಿ ನೋಡಿದವರಲ್ಲಿ ಆ ಫ್ಯಾಕ್ಟರಿಯಲ್ಲಿ ಕೆಲಸಗಾರರ ವಿಷಯ ನೋಡಿಕೊಳ್ಳುವ ಪರ್ಸನಲ್ ಆಫೀಸರೂ ಇದ್ದರು. ಹೆಂಡತಿ ಮಕ್ಕಳ ಜೊತೆ ಸೋಮವಾರದ ಪೂಜೆಗೆ ಬಂದಿದ್ದರು. ಹತ್ತಿರ ಬಂದು ಮಾತಾಡಿಸಿದರು. ಕೆಟ್ಟ ಮನುಷ್ಯ ಎಂದು ಹೇಳಲಾರೆ, ಅವರ ಕಣ್ಣಲ್ಲೂ ನೀರಿತ್ತು. "ಪರವಾಗಿಲ್ವೇ ಮಾದೇವ! ದೇವರು ಕಣ್ಬಿಟ್ಟ ಬಿಡಪ್ಪ" ಅಂದರು. ಅವ್ವ ಅವರ ಕೈಗೆ ಪ್ರಸಾದ ಹಾಕಿ, "ಪೂರಾ ವಾಸಿಯಾಯ್ತು ಸಾಮಿ, ನೀವೇ ನೋಡುದ್ರಲ್ಲ" ಅಂದಳು. ದೇವರ ಎದುರಿಗೆ ಹರಕೆ ತೀರಿಸಿದ ಬಾಯಲ್ಲಿ ಇನ್ನೂ ವಾಸಿಯಾಗಿಲ್ಲ ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ. ಅರ್ಧ ವಾಸಿ ಅಂದರೆ ದೇವರಿಗೆ ನೀನು ಅರ್ಧವೇ ಮಾಡಿದೆ ಅಂತ ಬೆರಳು ತೋರಿಸಿದ ಹಾಗೆ. ಅಣ್ಣ ಹೂಂ ಸಾ ಅಂದ. ನಾನೂ ಆ ಕ್ಷಣದಲ್ಲಿ ಸುಮ್ಮನೇ ಇದ್ದೆ, ಅವನನ್ನು ಬೇಗ ಕೂರಿಸಿದರೆ ಸಾಕಾಗಿತ್ತು.

ಆಪರೇಷನ್ನಿಗೆ ಆಸ್ಪತ್ರೆಯವರು ಫ್ಯಾಕ್ಟರಿಯ ಒಪ್ಪಿಗೆ ಕೇಳಿದರು. ಫ್ಯಾಕ್ಟರಿಯವರು ಕೊಡಲಿಲ್ಲ. ವಾಸಿಯಾಗುವ ತನಕ ಅಂತ ತಾನೇ ನಾವು ಒಪ್ಪಿದ್ದು, ವಾಸಿಯಾಗಿದೆ, ಉರುಳು ಸೇವೆ ಮಾಡಿದವನ ಸೊಂಟಕ್ಕೆ ಏನಾಗಿದೆ ಅಂದರು. ಸಿದ್ದರಾಜಣ್ಣ ಉರಿದುಬಿದ್ದ. ಮತ್ತೆ ಲೇಬರ್ ಆಫೀಸರ ಹತ್ತಿರ ಹೋಗಿ ತಾರೀಕು ತೆಗೆದುಕೊಂಡು ಬಂದ. ಬರುವಾಗ ನನ್ನ ಅಂಗಡಿಗೆ ಬಂದು ಹೇಳಿದ, "ರತ್ನವ್ವ, ಎದರ್ಕಬ್ಯಾಡಿ. ಡಾಕ್ಟ್ರು ಬರ್ಕೊಟ್ಟವ್ರೆ. ಮಾದೇವ ಬಂದು ನಂಗೆ ಕಾಲು ಬಂದಿಲ್ಲ ಸಾ ಅಂತ ಒಂದ್ ಮಾತು ಏಳುದ್ರೆ ಮುಗೀತು. ಒಂದೇ ಒಂದ್ ಮಾತು."

ಅಷ್ಟರಲ್ಲಿ ಮನೆಯಲ್ಲಿ ಗಾಳಿಯೇ ಬದಲಾಗಿತ್ತು. ಕತ್ತಿಗೆ ಮುಂಚೆ ಹರಕೆ ಎನ್ನುತ್ತಿದ್ದ ಅವ್ವ ಈಗ ಕತ್ತಿಯೇ ಬೇಡ ಅನ್ನುತ್ತಿದ್ದಳು. ದೇವರು ವಾಸಿ ಮಾಡಿದ ಮೈಯನ್ನು ಮತ್ತೆ ಕುಯ್ಯಿಸುವುದು ಉಂಟೇ? ನೀರಿಗೆ ಹೋದಲ್ಲಿ, ಬಸ್ಸಿನಲ್ಲಿ, ಸಿಕ್ಕ ಸಿಕ್ಕವರಿಗೆ ಹೇಳಿಕೊಂಡು ಬಂದಿದ್ದಳು. ಜನ ಅಣ್ಣನನ್ನು ನೋಡಲು ಬರುತ್ತಿದ್ದರು. ಬಂದವರ ಎದುರು ಅವನು ಕೋಲನ್ನು ಬಾಗಿಲ ಹಿಂದೆ ಇಟ್ಟು, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಅವರು ಹೋದ ಮೇಲೆ ಬೆವರಿನಲ್ಲಿ ತೊಯ್ದು ಮಲಗುತ್ತಿದ್ದ. "ಯಾಕಣ್ಣ ಈ ನಾಟ್ಕ?" ಅಂದರೆ, "ಅವ್ವನ ಮೊಕ ನೋಡ್ದಾ? ಅಪ್ಪ ಓದ ಮ್ಯಾಲೆ ಅವ್ಳು ಇಂಗೆ ನಕ್ಕಿದ್ದೇ ಇಲ್ಲ" ಅಂದ.

ಹೊರಡುವ ದಿನ ಅವ್ವ ತಾನೂ ಬರುತ್ತೇನೆಂದು ಮಡಿ ಸೀರೆ ಉಟ್ಟು ನಿಂತಳು. ಬೇಡ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆಫೀಸರಿಗೂ ಒಂದಿಷ್ಟು ವಿಭೂತಿ ಕೊಡಬೇಕಂತೆ.

ಚಳಿಗಾಲದ ಬೆಳಗು. ಆಫೀಸಿನ ಕಿಟಕಿಯಿಂದ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ಲೇಬರ್ ಆಫೀಸರು ನಿಧಾನದ ಮನುಷ್ಯ. ಡಾಕ್ಟರು ಬರೆದದ್ದನ್ನು ಓದಿದರು. ಪರ್ಸನಲ್ ಆಫೀಸರು ತಾವು ಕಣ್ಣಾರೆ ಕಂಡದ್ದನ್ನು ಹೇಳಿದರು. ಒಂದೂ ಸುಳ್ಳು ಹೇಳಲಿಲ್ಲ. ಸಿದ್ದರಾಜಣ್ಣ ಎದ್ದು ನಿಂತು, "ಸಾ, ಅವ್ನು ಉರುಳಿಲ್ಲ, ಇವ್ರು ಉರುಳಿಸವ್ರೆ" ಅಂದ. ಆಫೀಸರು ಕೈ ಎತ್ತಿ ಅವನನ್ನು ಕೂರಿಸಿ, ಅಣ್ಣನ ಕಡೆ ತಿರುಗಿದರು.

"ನೋಡಪ್ಪ ಮಾದೇವ, ಇವರ ಮಾತು ಇರಲಿ, ಅವರ ಮಾತೂ ಇರಲಿ. ಕಾಲು ನಿಂದು. ನೀನೇ ಹೇಳು. ವಾಸಿಯಾಗಿದೆಯೋ, ಇಲ್ಲವೋ?"

ಅಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಅವ್ವ, ಮಡಿಲಲ್ಲಿ ವಿಭೂತಿಯ ಪೊಟ್ಟಣ. ಅವಳಿಗೆ ಒಪ್ಪಂದದ ಒಳಮಾತೂ ತಿಳಿಯದು, ಕಾನೂನೂ ತಿಳಿಯದು. ಯಾರೋ ದೊಡ್ಡವರು ತನ್ನ ಮಗನ ಬಾಯಿಂದ ದೇವರ ಮಹಿಮೆ ಕೇಳಲು ಕೂತಿದ್ದಾರೆ ಅಂತ ಅವಳ ಲೆಕ್ಕ. ಹೇಳು ಮಗಾ ಅನ್ನುವ ಹಾಗೆ ಅವನ ಬೆನ್ನು ಸವರಿದಳು. ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ. ನಾನು ಕಣ್ಣಲ್ಲೇ ಬೇಡಿಕೊಂಡೆ. ಇಲ್ಲ ಅನ್ನು, ಅಣ್ಣ. ಇಲ್ಲ ಅಂತ ಒಂದೇ ಮಾತು ಅನ್ನು.

"ವಾಸಿಯಾಯ್ತು ಸಾ" ಅಂದ.

ಸಿದ್ದರಾಜಣ್ಣ ಹಣೆ ಹಣೆ ಚಚ್ಚಿಕೊಂಡ. ನಾನು ಕುರ್ಚಿ ತಳ್ಳಿ ಎದ್ದು, "ಸುಳ್ಳು ಸಾ! ಅವನು ಅವ್ವನಿಗೋಸ್ಕರ ಸುಳ್ಳು ಹೇಳ್ತಾವ್ನೆ! ನಡೆದು ತೋರಿಸು ಅನ್ನಿ ಸಾ, ಈ ಬಾಗಿಲಿಂದ ಆ ಬಾಗಿಲಿಗೆ ನಡೆದು ತೋರಿಸಲಿ!" ಎಂದು ಕಿರುಚಿದೆ. ಆಫೀಸರು ಹಾಗೇ ಅಂದರು. ಅಣ್ಣ ಎದ್ದ. ಕೋಲನ್ನು ಬೆಂಚಿಗೆ ಒರಗಿಸಿದ. ಕುರ್ಚಿಯ ಬೆನ್ನು, ಬೀರುವಿನ ಅಂಚು, ಗೋಡೆ, ಸಿಕ್ಕಿದ್ದನ್ನು ಹಿಡಿದು ಹಿಡಿದು ಬಾಗಿಲ ತನಕ ಹೋಗಿಬಿಟ್ಟ. ಎಡಗಾಲು ಎಳೆದದ್ದು ಅಲ್ಲಿದ್ದ ಎಲ್ಲರಿಗೂ ಕಂಡಿತು. ಪರ್ಸನಲ್ ಆಫೀಸರು ತಲೆ ತಗ್ಗಿಸಿದರು. ಲೇಬರ್ ಆಫೀಸರು ಪೆನ್ನು ಕೆಳಗಿಟ್ಟರು. "ಇನ್ನೊಂದು ಸಲ ಕೇಳ್ತೀನಿ ಕಣಪ್ಪ" ಅಂದರು. ಇನ್ನೊಂದು ಸಲವೂ ಅವನು ಅದನ್ನೇ ಹೇಳಿದ. "ನೀನೇ ಹೀಗಂದರೆ ನಾನೇನು ಮಾಡಲಿ?" ಎಂದು ಅವರು ಬರೆದುಕೊಂಡರು. ಅವ್ವ ಎದ್ದು ಹೋಗಿ ಅವರ ಮೇಜಿನ ಮೇಲೆ ವಿಭೂತಿ ಇಟ್ಟಳು. ಅವರು ಅದನ್ನು ಹಣೆಗೆ ಹಚ್ಚಿಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವನ ಮೇಲೆ ಕೋಪ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯುವಷ್ಟು ಬಂದಿತ್ತು. ಆದರೆ ಅವಳು ಕಿಟಕಿಗೆ ತಲೆ ಒರಗಿಸಿ, ಮಗನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ಅಣ್ಣ ಅವಳಿಗೆ ಎಚ್ಚರವಾದೀತು ಅಂತ ಕೈ ಅಲ್ಲಾಡಿಸದೆ ಕೂತಿದ್ದ.

ಆಮೇಲೂ ಸಿದ್ದರಾಜಣ್ಣ ಬಿಡಲಿಲ್ಲ. ಕೋರ್ಟಿಗೆ ಹಾಕೋಣ ಅಂದ. ನಾನು ಮೆಷಿನ್ನು ಮಾರಿ, ಸಾಲ ಸೋಲ ಮಾಡಿ ನಾವೇ ಆಪರೇಷನ್ ಮಾಡಿಸೋಣ ಅಂದೆ. ಒಪ್ಪಿಕೋ ಎಂದು ಅತ್ತಿಗೆ ಅಣ್ಣನ ಕಾಲು ಹಿಡಿದುಕೊಂಡಳು. ಅಣ್ಣನದು ಒಂದೇ ಮಾತು. "ಅವ್ವ ಇರೋಗಂಟ ಬ್ಯಾಡ. ದೇವ್ರು ಕೈಕೊಟ್ಟ ಅಂತ ಅವ್ಳು ತಿಳ್ಕಳದು ಬ್ಯಾಡ. ಅವ್ಳಿಗೆ ಇರೋದು ಅದೊಂದೇ." ಎದುರಾಡದ ಮನುಷ್ಯ ಹಠ ಹಿಡಿದರೆ ಯಾರೂ ಅಲ್ಲಾಡಿಸಲಾರರು. ಡಾಕ್ಟರು ಹೇಳಿದ ಹಾಗೆಯೇ ಆಯಿತು. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಅವನ ಎಡಗಾಲಿನ ಮೀನಖಂಡ ಇಳಿದುಹೋಗಿತ್ತು. ಪ್ಯಾಂಟು ಹೊಲಿಯಲು ಅಳತೆ ತೆಗೆಯುವಾಗ ಟೇಪು ಹಿಡಿದ ನನ್ನ ಕೈ ನಿಂತುಹೋಯಿತು. "ಒಂದೇ ಅಳ್ತೆಗೆ ಒಲಿ ಕಣೇ, ಯಾರ್ ನೋಡ್ತಾರೆ" ಎಂದು ಅವನೇ ನಕ್ಕ. ಅಂದಿನಿಂದ ನನ್ನ ಅಂಗಡಿಯಲ್ಲೇ ಕೂತು ಗುಂಡಿ ಕಟ್ಟುವುದು, ಅಂಚು ಹೊಲಿಯುವುದು ಮಾಡಿಕೊಂಡ. ಅಂಗಡಿಯಲ್ಲಿ ಕೋಲು ಇರುತ್ತಿತ್ತು. ಸಂಜೆ ಮನೆಗೆ ಬಂದರೆ ಹೊರಗೆ ಜಗಲಿಯ ಮೇಲೆ ಕೋಲಿಟ್ಟು, ಬಾಗಿಲು ಹಿಡಿದು, ಗೋಡೆ ಹಿಡಿದು ಅವ್ವನ ಹತ್ತಿರ ಹೋಗುತ್ತಿದ್ದ. ವರ್ಷಗಟ್ಟಲೆ ಹಾಗೇ ನಡೆಯಿತು.

ಕೊನೆಗಾಲದಲ್ಲಿ ಅವ್ವ ಹಾಸಿಗೆ ಹಿಡಿದಳು. ಜಗಲಿಯಲ್ಲಿ ಅವನ ಕಾಲು ಎಳೆಯುವ ಸದ್ದು ಕೇಳಿಸಿದರೆ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೊದಮೊದಲು ನಿದ್ದೆ ಅಂದುಕೊಂಡೆ. ಒಂದು ದಿನ ನನಗೆ ಹೇಳಿದಳು, "ನಾನ್ ನೋಡಕ್ಕಿಲ್ಲ ಕಣೇ ಕೂಸೆ. ಅವ್ನಿಗೆ ಏಳು, ಕೋಲು ಊರ್ಕೊಂಡೇ ಬರ್ಲಿ." ಅವಳಿಗೆ ಯಾವತ್ತಿನಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ. ಕೇಳಿ ಏನಾಗಬೇಕಿತ್ತು? ಅಣ್ಣನಿಗೆ ಹೇಳಿದೆ. ಅವನು ಮಾರನೆಯ ದಿನವೂ ಕೋಲನ್ನು ಹೊರಗೇ ಇಟ್ಟು ಬಂದ.

ಅವ್ವನನ್ನು ನಮ್ಮ ಹೊಲದ ಬದಿಯಲ್ಲಿ ಮಣ್ಣು ಮಾಡಿದೆವು. ಮನೆಯಿಂದ ಅಲ್ಲಿಯ ತನಕ ಅಣ್ಣ ಕೋಲನ್ನು ನನ್ನ ಕೈಗೆ ಕೊಟ್ಟು, ಅದಿಲ್ಲದೆ ಬಂದ. ಒಂದು ಕಡೆ ಸಿದ್ದರಾಜಣ್ಣನ ಭುಜ, ಇನ್ನೊಂದು ಕಡೆ ಅತ್ತಿಗೆಯ ಭುಜ. ಗುಂಡಿಯ ಅಂಚಿನಲ್ಲಿ ಇಬ್ಬರನ್ನೂ ಬಿಟ್ಟು, ಅವತ್ತು ದೇವಸ್ಥಾನದಲ್ಲಿ ನಿಂತ ಹಾಗೆ ಒಬ್ಬನೇ ನಿಂತ. ಮೊದಲ ಹಿಡಿ ಮಣ್ಣು ಹಾಕಿದ. ಉಳಿದವರು ಹಾಕಿದರು. ಮುಖ ಮುಚ್ಚಿತು, ಬಿಳಿ ಬಟ್ಟೆ ಮುಚ್ಚಿತು. ಮಣ್ಣು ನೆಲದ ಸಮಕ್ಕೆ ಬರುವ ತನಕ ಅವನು ಹಾಗೇ ನಿಂತಿದ್ದ, ಬಲಗಾಲು ನಡುಗುತ್ತಲೇ ಇತ್ತು.

ಆಮೇಲೆ ನನ್ನ ಕಡೆ ಕೈ ಚಾಚಿದ.

"ರತ್ನ, ಇನ್ನ ಆ ಕೋಲು ಕೊಡವ್ವ" ಅಂದ.